ಕೊಳೆಯಮ್ಮನಿಗೆ ಹಚ್ಚಿದ ಅರಿಶಿನ

"ಇನ್ನೂ ಸ್ವಲ್ಪ ಎಡಕ್ಕಮ್ಮ. ಆ ಪೈಪಿನ ಬಾಯಿ ಕಾಣತ್ತಲ್ಲ, ಅದರ ಕೆಳಗೇ ಬಿಟ್ಟಿದ್ದು."

ಮೋಹಿನಿಯವರು ದಡದ ಮೇಲೆ ನಿಂತು ಕೈ ತೋರಿಸುತ್ತಿದ್ದರು. ಶರ್ಮಿಳಾ ಸಲ್ಡಾನ ಒಳ್ಳೆಯ ಬೂಟುಗಳನ್ನು ಕೆಸರಿಗೆ ಒಪ್ಪಿಸಿ, ಎಲೆ ಗುಡಿಸುವ ರೇಕನ್ನು ನೀರಿಗಿಳಿಸಿ ಬಗ್ಗಿದ್ದಳು.

ಮನ್ರೋ ಊರಿನ ಹೊಸ ಮನೆಗಳ ಹಿಂದೆಲ್ಲ ಇಂಥದ್ದೊಂದು ಕೊಳ ಇದ್ದೇ ಇರುತ್ತದೆ. ಮಳೆನೀರು ಬಂದು ನಿಲ್ಲಲಿ ಎಂದು ಬಿಲ್ಡರ್ ತೋಡಿಸಿದ್ದು. ಅದರಲ್ಲಿ ಮೀನಿಲ್ಲ, ದೋಣಿಯಿಲ್ಲ. ಕೊಬ್ಬಿದ ಹೆಬ್ಬಾತುಗಳ ದರ್ಬಾರು ಮಾತ್ರ.

"ಹರಿಯೋ ನೀರಿಗೇ ಬಿಡ್ಬೇಕು ಅಂತ ಶಾಸ್ತ್ರ," ಎಂದರು ಮೋಹಿನಿ. "ರಾರಿಟನ್ ನದಿವರೆಗೂ ಹೋಗೋಣ ಅಂದ್ರೆ ನಂಗೆ ಹೈವೇ ಮೇಲೆ ಡ್ರೈವ್ ಮಾಡೋಕೆ ಭಯ. ಇಲ್ಲಿ ಪೈಪಿಂದ ನೀರು ಬೀಳತ್ತಲ್ಲ, ಅದೂ ಹರಿಯೋದೇ ತಾನೆ ಅಂದ್ಕೊಂಡೆ."

"ಶಾಸ್ತ್ರ ಆಮೇಲೆ ಆಂಟಿ. ಇಲ್ಲಿ ಆಳ ಎಷ್ಟುಂಟು?"

"ಮೊಣಕಾಲು. ಇಲ್ಲಾಂದ್ರೆ ಸೊಂಟ."

"ಯಾರ ಸೊಂಟ, ನಿಮ್ಮದಾ ನನ್ನದಾ?"

ಮೋಹಿನಿ ನಗಲು ಹೋದರು. ನಗು ಬಾಯಿಗೆ ಬರುವ ಮೊದಲೇ ಅಳುವಾಯಿತು.

ಈ ಇಬ್ಬರನ್ನೂ ಈ ಕೊಳದ ಬದಿಗೆ ಎಳೆದು ತಂದದ್ದು ಒಂದು ಫೋಟೋ. ಮೋಹಿನಿಯವರ ಮಗಳು ಇಶಾ, ಅಮ್ಮನ ದಸರಾ ಗೊಂಬೆಗಳು ಎಷ್ಟು ಕ್ಯೂಟ್ ನೋಡಿ ಎಂದು ಆ ದಿನ ಬೆಳಿಗ್ಗೆ ಶರ್ಮಿಳಾಳಿಗೆ ಕಳಿಸಿದ್ದಳು. ಮೂರನೆಯ ಮೆಟ್ಟಿಲಿನಲ್ಲಿ ಚನ್ನಪಟ್ಟಣದ ಗಂಡಹೆಂಡಿರ ಪಕ್ಕ, ಕೊರಳಿಗೆ ಹತ್ತಿಯ ಗೆಜ್ಜೆವಸ್ತ್ರ ಹಾಕಿಸಿಕೊಂಡು, ಒಬ್ಬಳು ಹಸಿರು ಕಲ್ಲಿನ ಹೆಂಗಸು ಕುಳಿತಿದ್ದಳು. ಬಾಯಿಯ ಸುತ್ತ ಕಪ್ಪು. ತಲೆಯ ಮೇಲೆ ನೂಲು ತೆಗೆಯುವ ಎರಡು ಕದಿರು. ವಿಮಾ ಕಂಪನಿಯ ಪರವಾಗಿ ಶರ್ಮಿಳಾ ಊರೂರು ಅಲೆದು ಹುಡುಕುತ್ತಿದ್ದ, ಮೆಕ್ಸಿಕೋದ ಹಳೆಯ ಅಜ್ಟೆಕ್ ಜನರ ದೇವತೆ ಅವಳೇ, ತ್ಲಸೊಲ್ತೆಯೋತ್ಲ್. ಫೋಟೋ ತೋರಿಸಿ ಕೇಳಿದ್ದಕ್ಕೆ ಮೋಹಿನಿ ಅವಳನ್ನು ಕರೆತಂದದ್ದು ಈ ಕೊಳಕ್ಕೆ.

ಕಳ್ಳಿ ಯಾರೆಂದು ಅಷ್ಟರಲ್ಲಾಗಲೇ ಶರ್ಮಿಳಾ ಬರೆದುಕೊಟ್ಟಾಗಿತ್ತು.

ಮೋಹಿನಿಯವರ ಗಂಡ, ಪಾರ್ಸಿಪನಿ ಊರಲ್ಲಿ ಮೋಟೆಲ್ ಇಟ್ಟುಕೊಂಡಿರುವ ನಿತ್ಯಾನಂದ ಹೆಬ್ಬಾರರಿಗೆ ಹಳೆಯ ವಿಗ್ರಹಗಳ ಹುಚ್ಚು. ಅವುಗಳ ವಿವರ ಬರೆದುಕೊಡಲು ಒಂದು ಮ್ಯೂಸಿಯಂನಿಂದ ಮರಿಸೋಲ್ ಎಂಬ ಹುಡುಗಿ ಬಂದಿದ್ದಳು. ಮೆಕ್ಸಿಕೋದ ಪುಯೆಬ್ಲಾ ಕಡೆಯವಳು. ಮೊದಲು ಮೋಟೆಲಿನ ಆಫೀಸಿನಲ್ಲಿ, ಆಮೇಲೆ ಈ ಮನೆಯಲ್ಲಿ ಕುಳಿತು ಕೆಲಸ ಮಾಡಿದಳು. ಉಳಿದವೆಲ್ಲ ಸಾಮಾನ್ಯ, ಈ ದೇವತೆ ಮಾತ್ರ ಅಸಲಿ, ಅಗೆದು ಕದ್ದು ದೇಶ ದಾಟಿಸಿದ್ದು, ಮೆಕ್ಸಿಕೋಗೆ ಹಿಂದಿರುಗಿಸಬೇಕು ಎಂದಳು. ಆ ದೇಶದ ಕಾನ್ಸುಲೇಟಿನವರು ಬರುವ ಮೊದಲೇ ದೇವತೆ ಕಪಾಟಿನಿಂದ ಮಾಯವಾದಳು.

ಗಾಜಿನ ಕಪಾಟಿಗೆ ಇದ್ದದ್ದು ಎರಡು ಕೀಲಿಕೈ. ಒಂದು ಹೆಬ್ಬಾರರ ಹತ್ತಿರ, ಇನ್ನೊಂದು ಮರಿಸೋಲ್ ಹತ್ತಿರ.

ಪ್ರಶ್ನೆ ಕೇಳಲು ಹೋದ ದಿನ ಮರಿಸೋಲ್ ಅಳಲಿಲ್ಲ, ಕೂಗಾಡಲಿಲ್ಲ. ಮೇಜಿನ ಮೇಲಿದ್ದ ಅಜ್ಜಿಯ ಕಾಲದ ಕದಿರನ್ನು ಬೆರಳುಗಳ ನಡುವೆ ತಿರುಗಿಸುತ್ತ ಕುಳಿತಿದ್ದಳು. ಕಡ್ಡಿಯ ಬುಡದ ಮಣ್ಣಿನ ಬಿಲ್ಲೆಯ ಮೇಲೆ ರೆಕ್ಕೆ ಬಿಚ್ಚಿದ ಒಂದು ಹಕ್ಕಿಯ ಗೆರೆ. "ನನ್ನ ಅಜ್ಜಿಯ ಅಜ್ಜಿ ಪಾಪ ಹೇಳಿಕೊಂಡ ದೇವರನ್ನು ನಾನೇ ಕದಿಯುತ್ತೇನಾ?" ಎಂದಷ್ಟೇ ಕೇಳಿದ್ದಳು. ಆ ತಿರುಗುವ ಕದಿರನ್ನು ನೋಡಿ ಶರ್ಮಿಳಾ ತನ್ನ ವರದಿಯಲ್ಲಿ 'ಕೈ ನಡುಗುತ್ತಿತ್ತು' ಎಂದು ಬರೆದಳು. ನಡುಗುತ್ತಿರಲಿಲ್ಲ. ನೂಲು ತೆಗೆಯುವವರ ಕೈ ಸುಮ್ಮನೆ ಕುಳಿತಾಗಲೂ ಹಾಗೇ ಆಡುತ್ತದೆ. ಅದು ತಿಳಿಯದೆ ಬರೆದದ್ದು.

ನಾಳೆ ಬೆಳಿಗ್ಗೆ ಮ್ಯೂಸಿಯಂನವರು ಮರಿಸೋಲ್‌ಳನ್ನು ವಕೀಲರ ಮುಂದೆ ಕೂರಿಸುತ್ತಾರೆ. ಕೆಲಸ ಹೋಗುತ್ತದೆ. ಕೆಲಸದ ಹಿಂದೆ ವೀಸಾ. ಆಮೇಲೆ ಪೊಲೀಸರು.

ರೇಕಿನ ಹಲ್ಲಿಗೆ ಏನೋ ಗಟ್ಟಿ ತಾಕಿತು.

"ಸಿಕ್ತು!"

ಗೇಣುದ್ದದ ಮೂರ್ತಿ ಪಾಚಿ ಮೆತ್ತಿಕೊಂಡು ಮೇಲೆ ಬಂತು. ಎಡಗೈ ಮಣಿಕಟ್ಟಿನವರೆಗೆ ಇರಲಿಲ್ಲ. ಶರ್ಮಿಳಾ ಅದನ್ನು ಕೋಟಿನ ಮಡಿಲಿಗೆ ಹಾಕಿಕೊಂಡಳು. ಕೆಸರುಗೈಯಲ್ಲೇ ಮರಿಸೋಲ್‌ಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮೆಸೇಜ್ ಬಿಡಿ ಎಂದಿತು ಯಂತ್ರ.

"ಮರಿಸೋಲ್, ನಾನು ಶರ್ಮಿಳಾ. ನಿನ್ನ ದೇವತೆ ಸಿಕ್ಕಿದ್ದಾಳೆ. ನೀನು ತೆಗೆದದ್ದಲ್ಲ. ನಾನು ತಪ್ಪು ಬರೆದೆ. ಇವತ್ತೇ ಎಲ್ಲರಿಗೂ ಹೇಳ್ತೇನೆ. ಸಾರಿ." ಇನ್ನೂ ಏನೋ ಹೇಳಬೇಕಿತ್ತು. ಅಷ್ಟರಲ್ಲಿ ಒಂದು ಹೆಬ್ಬಾತು ಕೆಟ್ಟ ದನಿಯಲ್ಲಿ ಕೂಗಿತು. ಲೈನ್ ಕಟ್ಟಾಯಿತು.

---

ಅಡುಗೆಮನೆಯ ಸಿಂಕಿನಲ್ಲಿ ಮೋಹಿನಿ ಮೂರ್ತಿಯನ್ನು ಕೂಸಿಗೆ ನೀರೆರೆಯುವ ಹಾಗೆ ಅಂಗೈಯಲ್ಲಿ ಮಲಗಿಸಿಕೊಂಡು ತೊಳೆದರು. ಮಾತು ತನ್ನಷ್ಟಕ್ಕೇ ಹರಿಯುತ್ತಿತ್ತು.

"ಇವಳ ಹೆಸರು ನನ್ನ ನಾಲಿಗೆಗೆ ತಿರುಗಲ್ಲ. ಕೊಳೆಯಮ್ಮ ಅಂತ ಕರೀತಿದ್ದೆ. ಮನುಷ್ಯರ ಕೊಳೆ ತಿಂದು ಶುದ್ಧ ಮಾಡ್ತಾಳಂತೆ, ಮರಿಸೋಲ್ ಹೇಳಿದ್ದು. ನಮ್ಮಲ್ಲಿ ಪ್ಲೇಗಮ್ಮ ಇಲ್ವಾ, ಹಾಗೇ. ಹುಡುಗಿ ಎಷ್ಟು ಕಥೆ ಹೇಳ್ತಿದ್ಲು ಗೊತ್ತಾ! ಕನ್ನಡಕದ ಹಾಗೆ ದುಂಡು ಕಣ್ಣಿರೋ ಮಳೆದೇವರು ತ್ಲಾಲೋಕ್. ನಾಯಿ ಮುಖದ ಶೋಲೋತ್ಲ್, ಸತ್ತವರಿಗೆ ದಾರಿ ತೋರಿಸ್ತಾನೆ. ಹಾವಿನ ಲಂಗ ಉಟ್ಟ ಮಹಾತಾಯಿ. ಇವರನ್ನೆಲ್ಲ ಕಪಾಟಲ್ಲಿ ಬೀಗ ಹಾಕಿ ಇಟ್ಟಿದೀರಲ್ಲ, ದಸರಾದಲ್ಲಾದ್ರೂ ಹೊರಗೆ ಕೂರಲಿ ಅಂತ ನಾನೇ ಯಜಮಾನ್ರ ಹತ್ರ ಕೀ ಈಸ್ಕೊಂಡೆ. ಇವಳನ್ನ ಬಟ್ಟೇಲಿ ಒರೆಸ್ತಿದ್ದೆ. ಕೈ ಕಳಚಿ ಬಂತು."

"ಸುಮ್ಮನೆ ಒರೆಸುವಾಗ?"

"ಸುಮ್ನೆ ಒರೆಸುವಾಗ. ನನ್ನ ಕೈಯಲ್ಲೇ ದೇವರು ಭಿನ್ನ ಆದ್ಲು. ಇಶಾಗೆ ದಿನ ತುಂಬ್ತಾ ಇದೆ. ಇವಳು ಹೆರಿಗೆ ಮಾಡಿಸೋ ತಾಯಿನೂ ಹೌದಂತೆ. ನಂಗೆ ಹೇಗಾಗಿರಬೇಡ? ಗೆಜ್ಜೆವಸ್ತ್ರದಲ್ಲಿ ಮುರಿದ ಕೈ ಮುಚ್ಚಿ ಹಬ್ಬ ಮುಗಿಸ್ದೆ. ಆಮೇಲೆ ಅರಿಶಿನ ಹಚ್ಚಿ, ವೀಳ್ಯ ಇಟ್ಟು, ಹೋಗಿ ಬಾ ತಾಯಿ ಅಂತ ನೀರಿಗೆ ಬಿಟ್ಟೆ."

"ಕಳ್ಳತನ ಮರಿಸೋಲ್ ಮೇಲೆ ಬಂದಾಗ ಯಾಕೆ ಹೇಳಲಿಲ್ಲ ಆಂಟಿ?"

ಮೋಹಿನಿ ನಲ್ಲಿ ನಿಲ್ಲಿಸಿದರು. "ಪ್ರತಿ ದಿನ ಬೆಳಿಗ್ಗೆ ಹೇಳೋಣ ಅಂತ ಏಳ್ತಿದ್ದೆ. ಕಾಫಿ ಆಗೋಷ್ಟ್ರಲ್ಲಿ ಧೈರ್ಯ ಹೋಗಿರ್ತಿತ್ತು. ನೀನು ಆ ಹುಡುಗಿ ಹೆಸರು ಬರ್ದೆ. ನಾನು ಬರೆಯೋಕೆ ಬಿಟ್ಟೆ. ಯಾರದ್ದು ಹೆಚ್ಚು, ಯಾರದ್ದು ಕಮ್ಮಿ ಹೇಳು?"

ಶರ್ಮಿಳಾ ಮೂರ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಪಾಚಿ ಹೋದ ಜಾಗದಲ್ಲಿ ಹಣೆ, ಕೆನ್ನೆ, ಎದೆ, ಮುರಿದ ಮಣಿಕಟ್ಟು, ಎಲ್ಲ ಕಡೆ ಕಂದುಗೆಂಪು ಕಲೆ.

"ಕುಂಕುಮ ಹಚ್ಚಿದ್ರಾ?"

"ಇಲ್ಲಪ್ಪ. ಇವಳು ಕುಂಕುಮ ಇಟ್ಕೊಳ್ಳೋಳೋ ಅಲ್ವೋ, ಯಾಕೆ ಬೇಕು ಅಂತ ಬರೀ ಅರಿಶಿನ. ನೀರಲ್ಲಿ ಕಲಸಿ ಹಚ್ತಾ ಹಚ್ತಾನೇ ಹೀಗೆ ಕೆಂಪಾಗಿಬಿಡ್ತು. ಮುರಿದ ಕೈಯಿಂದ ರಕ್ತ ಬಂದ ಹಾಗೆ! ಅದನ್ನ ನೋಡಿದ್ಮೇಲೆ ನಾನು ಒಂದು ಗಳಿಗೆನೂ ಮನೇಲಿ ಇಟ್ಕೊಳ್ಲಿಲ್ಲ."

"ಆಂಟಿ," ಎಂದಳು ಶರ್ಮಿಳಾ ನಿಧಾನವಾಗಿ, "ನಮ್ಮ ಮನೆಯಲ್ಲಿ ಅರಿಶಿನ ಅಂದ್ರೆ ಮೀನಿನ ಸಾರಿಗೆ ಹಾಕುವುದು, ಅಷ್ಟೇ. ನೀವೇ ಹೇಳಿ. ಅರಿಶಿನ ಯಾವಾಗ ಕೆಂಪಾಗ್ತದೆ?"

"ಸುಣ್ಣ ತಾಕಿದ್ರೆ. ಆರತಿ ನೀರಿಗೆ ಚಿಟಿಕೆ ಸುಣ್ಣ..."

ಆರತಿ ತಟ್ಟೆಯಲ್ಲಿ ಎಷ್ಟೋ ಮದುವೆಗಳಿಗೆ, ಎಷ್ಟೋ ಬಾಣಂತಿಯರಿಗೆ ಈ ಕೈಗಳೇ ಆ ಕೆಂಪು ನೀರು ಕಲಸಿದ್ದವು. ಹೆದರಿಕೆ ಹೊಕ್ಕ ಮನೆಯಲ್ಲಿ ಗೊತ್ತಿದ್ದದ್ದೂ ಮರೆತುಹೋಗುತ್ತದೆ.

ಮೋಹಿನಿ ಶೆಲ್ಫಿನಿಂದ ಕುಟ್ಟಾಣಿಯನ್ನು ಇಳಿಸಿದರು. ಅಮ್ಮ ಕೊಟ್ಟ ಕರಿಕಲ್ಲಿನದು. ಚಿಟಿಕೆ ಅರಿಶಿನ ಕಲಸಿ ಅದಕ್ಕೆ ಬಳಿದರು. ಅದೇ ಬೆರಳಿನಿಂದ ದೇವತೆಯ ಬೆನ್ನಿಗೂ ಬಳಿದರು. ಕುಟ್ಟಾಣಿಯ ಮೇಲೆ ಹಳದಿ ಹಳದಿಯಾಗಿಯೇ ಇತ್ತು. ದೇವತೆಯ ಬೆನ್ನಿನ ಮೇಲೆ ನೋಡನೋಡುತ್ತಿದ್ದಂತೆ ಕೆಂಪು ತಿರುಗಿತು.

"ಇದು ಕಲ್ಲಲ್ಲ," ಎಂದರು ಮೋಹಿನಿ.

"ಅಲ್ಲ. ಸಿಮೆಂಟು. ಹಸಿರು ಬಣ್ಣ ಕಲಸಿ ಅಚ್ಚಿಗೆ ಹೊಯ್ದದ್ದು. ಹೊಸ ಸಿಮೆಂಟಲ್ಲಿ ಸುಣ್ಣದ ಅಂಶ ಉಂಟಲ್ವಾ. ಕಳಚಲಿ ಅಂತ್ಲೇ ಕೈಯನ್ನು ಅಂಟಿಸಿದ್ದಾರೆ." ಶರ್ಮಿಳಾ ಮೂರ್ತಿಯನ್ನು ಕೆಳಗಿಟ್ಟಳು. "ನೀರಿಗೆ ಬಿಡ್ಲಿಕ್ಕೆ ಹೇಳಿದ್ದು ಯಾರು ಆಂಟಿ?"

ಮೋಹಿನಿ ಅರಿಶಿನ ಮೆತ್ತಿದ ಬೆರಳನ್ನು ನಲ್ಲಿಗೆ ಹಿಡಿದು ತೊಳೆದರು.

"ಇವರೇ," ಎಂದರು ಮೋಹಿನಿ. "ಮಂಗಳಾರತಿ ಹೊತ್ತಿಗೂ ಫೋನಲ್ಲಿ ನ್ಯೂಸ್ ನೋಡೋ ಮನುಷ್ಯ. ಅವತ್ತು ಮಾತ್ರ ಹತ್ರ ಬಂದು, 'ಭಿನ್ನ ಆದದ್ದು ಮನೆಯಲ್ಲಿ ಇಟ್ಕೊಳ್ಬಾರ್ದು ಅಂತ ನೀನೇ ಹೇಳ್ತಿ ಅಲ್ವಾ, ನೀರಿಗೆ ಬಿಡು, ಯಾರಿಗೂ ಹೇಳ್ಬೇಡ' ಅಂದ್ರು. ನಂಗೆ ಎಷ್ಟು ಸಂತೋಷ ಆಯ್ತು ಗೊತ್ತಾ ಶರ್ಮಿಳಾ? ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಮಾತು ಒಂದಾದ್ರೂ ಕಿವಿಗೆ ಹಾಕ್ಕೊಂಡಿದ್ರಲ್ಲ ಅಂತ."

ಕೆಳಗೆ ಗರಾಜಿನ ಬಾಗಿಲು ಗಡಗಡ ಎಂದು ಮೇಲೇರಿತು.

---

ಮೋಹಿನಿ ಅಳಲಿಲ್ಲ. ಒಂದು ಸ್ಟೀಲ್ ತಟ್ಟೆ ತೆಗೆದು ಊಟದ ಮೇಜಿನಲ್ಲಿ ಗಂಡ ಕೂರುವ ಜಾಗಕ್ಕೆ ಇಟ್ಟರು. ತಟ್ಟೆಯಲ್ಲಿ ಕೊಳೆಯಮ್ಮನನ್ನು ನಿಲ್ಲಿಸಿದರು. ನೀರಿನ ಲೋಟವನ್ನೂ ಮರೆಯಲಿಲ್ಲ.

ಹೆಬ್ಬಾರರು ಮೆಟ್ಟಿಲು ಹತ್ತಿ ಬಂದರು. ಕಂಕುಳಲ್ಲಿ ಬಿಸ್ಕತ್ತಿನ ನೀಲಿ ಡಬ್ಬಿ. ಶರ್ಮಿಳಾಳನ್ನು ಕಂಡು ಮುಖ ಅರಳಿಸಿದರು.

"ಓಹೋ, ನಮ್ಮೂರು ಕುಡ್ಲದ ಪತ್ತೇದಾರರು! ಚಾ ಕೊಟ್ಳಾ ಇವಳು? ಅಥವಾ ಬರೀ ದಸರಾ ಗೊಂಬೆಯ ಕಥೆಯಾ?" ತಟ್ಟೆಯ ಕಡೆ ಕಣ್ಣು ಹೋಯಿತು. "ಎಂತದ್ದು ಮಾರಾಯ್ತಿ, ಊಟಕ್ಕೆ ದೇವರನ್ನೇ ಬಡಿಸಿದ್ಯಾ?"

ಅವರು ಹತ್ತಿರ ಬಂದು ನೋಡಿದರು. ಕೆಂಪು ಕಲೆ, ಮುರಿದ ಕೈ. ಕುರ್ಚಿ ಎಳೆದು ಕೂತರು. ಡಬ್ಬಿ ಮಾತ್ರ ಕಂಕುಳಲ್ಲೇ ಉಳಿಯಿತು.

"ಕೂತ್ಕೊಂಡ್ರಲ್ಲ, ಒಳ್ಳೇದಾಯ್ತು," ಎಂದರು ಮೋಹಿನಿ. "ಮರಿಸೋಲ್ ಹೇಳಿದ್ಲು, ಇವಳ ಮುಂದೆ ತಪ್ಪು ಹೇಳ್ಕೊಳ್ಳೋದಕ್ಕೆ ಆಯುಷ್ಯದಲ್ಲಿ ಒಂದೇ ಸಲ ಅವಕಾಶವಂತೆ. ಶರ್ಮಿಳಾ ಅವರ ಚರ್ಚಲ್ಲಿ ವಾರವಾರ ಹೋಗಿ ಹೇಳ್ಬಹುದು, ಇಲ್ಲಿ ಹಾಗಿಲ್ಲ. ಅದಕ್ಕೇ ಜನ ಮುದುಕರಾಗೋವರೆಗೂ ಕಾಯ್ತಿದ್ರಂತೆ. ನನ್ನದು ಈಗಷ್ಟೇ ಮುಗೀತು. ಈಗ ನಿಮ್ಮ ಸರದಿ."

"ಮೋಹಿನಿ, ನೀನು ಸುಮ್ಮನೆ..."

"ಅರಿಶಿನ ಕೆಂಪಾಗಿದ್ದು ಯಾಕೆ ಅಂತ ನಂಗೊತ್ತು ಈಗ."

ಹೆಬ್ಬಾರರು ಲೋಟ ಎತ್ತಿ ನೀರು ಕುಡಿದರು. ಅರ್ಧ ನೀರು ಅಂಗಿಯ ಮೇಲಾಯಿತು.

"ಎಡಿಸನ್ ಊರಿನಲ್ಲಿ ಒಬ್ಬ ಇದನ್ನು ಮಾಡಿಕೊಟ್ಟ," ಎಂದರು ಕೊನೆಗೆ. "ಅಸಲಿಯನ್ನು ಮೋಟೆಲಿನ ಸೇಫಲ್ಲಿಟ್ಟು ಇದನ್ನು ಕಪಾಟಲ್ಲಿ ಇಟ್ಟೆ. ಕಾನ್ಸುಲೇಟಿನವರು ಬಂದು ಮುಟ್ಟಿ ನೋಡಿದ್ರೆ ಗೊತ್ತಾಗ್ತದೆ. ಅವರು ಬರುವ ಮೊದಲು ಇದು ಹೋಗ್ಬೇಕಿತ್ತು. ನಾನು ಬಿಸಾಡಿದ್ರೆ ಒಂದು ದಿನ ಬಾಯಿಬಿಟ್ಟೇನು. ಇವಳು ಬಿಟ್ರೆ ಭಕ್ತಿಯಿಂದ ಬಿಡ್ತಾಳೆ. ಭಯಕ್ಕೆ ಬಾಯಿ ಮುಚ್ಚಿಕೊಂಡಿರ್ತಾಳೆ."

"ನನ್ನ ಭಕ್ತಿ ನಿಮಗೆ ಕಸದ ಡಬ್ಬ ಆಯ್ತಾ?"

ಅವರು ಅಂಗಿಯ ಮೇಲಿನ ನೀರು ಒರೆಸಿಕೊಂಡರು.

"ಒಂದು ಕಲ್ಲಿಗೋಸ್ಕರ ಇಷ್ಟೆಲ್ಲಾ ಯಾಕೆ ಅಂಕಲ್?" ಎಂದಳು ಶರ್ಮಿಳಾ.

"ನಿಮಗೆ ಕಲ್ಲು. ಮೋಟೆಲ್ ತಗೊಂಡ ಹೊಸತರಲ್ಲಿ ಹಿಮ ಬಿದ್ದು ರಸ್ತೆ ಬಂದಾದ್ರೆ ವಾರಗಟ್ಟಲೆ ಒಂದು ಜನ ಇಲ್ಲ. ಇವಳು ಮಗುವನ್ನು ಕಟ್ಟಿಕೊಂಡು ಮೈಸೂರಲ್ಲಿ. ಫ್ರಂಟ್ ಡೆಸ್ಕಲ್ಲಿ ನಾನು, ಎದುರಿಗೆ ಆ ಹೆಂಗಸು. ಯಾರದ್ದೋ ಎಸ್ಟೇಟ್ ಸೇಲಲ್ಲಿ ಚಂದ ಕಂಡಿತು ಅಂತ ತಂದದ್ದು. ಅವಳತ್ರ ಎಲ್ಲ ಹೇಳ್ಕೊಂಡಿದ್ದೇನೆ. ತುಳುವಲ್ಲಿ, ಕನ್ನಡದಲ್ಲಿ, ಬೈಗುಳದಲ್ಲಿ. ಅವಳು ಕೇಳಿಸ್ಕೊಳ್ತಾಳೆ ಅಂತ ಆ ಹುಡುಗಿ ನನಗೆ ಈಗ ಹೇಳುವುದು! ನನಗೆ ಆವಾಗಲೇ ಗೊತ್ತಿತ್ತು."

"ಆ ಹುಡುಗಿಯ ಮೇಲೇ ಕಳ್ಳತನ ಹೊರಿಸಿದ್ರಲ್ಲ!"

ಆಗ ಹೆಬ್ಬಾರರು ಮೊದಲ ಸಲ ನೇರವಾಗಿ ಶರ್ಮಿಳಾಳ ಮುಖ ನೋಡಿದರು.

"ನಾನು ಯಾರ ಹೆಸರನ್ನೂ ಹೇಳಲಿಲ್ಲ. ನೆನಪು ಮಾಡ್ಕೊಳ್ಳಿ. ಕಳವಾಯ್ತು ಅಂತ ಮಾತ್ರ ಹೇಳಿದೆ. ಹೆಸರು ಹೇಳಿದ್ದು ನೀವು."

ನಿಜ. ಶರ್ಮಿಳಾ ತಲೆ ತಿರುಗಿಸಿದಳು. ಹಜಾರದ ಗಾಜಿನ ಕಪಾಟಿನಲ್ಲಿ ತೆಸ್ಕತ್ಲಿಪೋಕನ ಕರಿಗಾಜಿನ ಕನ್ನಡಿ ತೂಗುತ್ತಿತ್ತು. ಹೊಗೆಗನ್ನಡಿಯ ದೇವರು ಅವನು. ಮಂದಿಯ ತಪ್ಪನ್ನೆಲ್ಲ ಅದರೊಳಗೆ ಕಾಣುತ್ತಾನಂತೆ. ಇಷ್ಟು ದೂರಕ್ಕೆ ಅದರಲ್ಲಿ ಕಂಡದ್ದು ಒಂದು ಕೋಟು, ಕೆಸರಾದ ಒಂದು ಕೈ. ಎರಡೂ ಅವಳವೇ.

"ಅಸಲಿ ಎಲ್ಲುಂಟು?" ಎಂದಳು.

"ಇಲ್ಲೇ." ಹೆಬ್ಬಾರರು ನೀಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ಮೋಟೆಲನ್ನೂ ಒಮ್ಮೆ ನೋಡ್ಲಿಕ್ಕೆ ಬರ್ತೇನೆ ಅಂತ ನಿನ್ನೆ ನೀವು ಫೋನ್ ಮಾಡಿದ್ರಲ್ಲ. ಇವತ್ತು ಸೇಫಿಂದ ಹೊರಗೆ ತಂದೆ. ಎಲ್ಲಿಗೆ ತಗೊಂಡು ಹೋಗುವುದು ಅಂತ ಗೊತ್ತಾಗ್ಲಿಲ್ಲ. ಮನೆಗೇ ಬಂದೆ."

"ಬಿಸ್ಕತ್ತಿನ ಡಬ್ಬೀಲಿ ದೇವರಾ!" ಎಂದರು ಮೋಹಿನಿ.

"ಈ ಡಬ್ಬಿಯನ್ನು ನಮ್ಮ ಯಾವ ಮನೆಯಲ್ಲೂ ಯಾರೂ ತೆಗೆಯುವುದಿಲ್ಲ. ಒಳಗೆ ಸೂಜಿದಾರ ಇರ್ತದೆ ಅಂತ ಎಲ್ಲರಿಗೂ ಗೊತ್ತು." ಅವರ ತುಟಿಯಲ್ಲಿ ಹಳೆಯ ತಮಾಷೆಯ ನೆರಳು ಸುಳಿದು ಹೋಯಿತು. "ತಗೊಳ್ಳಿ. ಆ ಹುಡುಗಿಗೆ ಕೊಡಿ. ಅವಳ ಊರಿಗೆ ಕಳಿಸ್ಲಿ. ನಾನು ಎಲ್ಲಿ ಸೈನ್ ಹಾಕ್ಬೇಕೋ ಹಾಕ್ತೇನೆ. ಒಂದೇ ಸಲದ್ದು ಅಂತಾದ್ರೆ, ಇದೇ ಅದು."

ಮೋಹಿನಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಶರ್ಮಿಳಾಳಿಗೆ ಎದೆಯ ಮೇಲಿನ ಚಪ್ಪಡಿ ಜರುಗಿದಂತಾಯಿತು. ಇಷ್ಟೇ ಬೇಕಿದ್ದದ್ದು. ಈ ಡಬ್ಬಿ ಹಿಡಿದು ಈಗಲೇ ಹೊರಟರೆ, ನಾಳೆ ಬೆಳಗಿನ ಆ ಕೋಣೆಯಲ್ಲಿ ಮರಿಸೋಲ್ ಕೂರುವ ಪ್ರಮೇಯವೇ ಬರುವುದಿಲ್ಲ. ಅವಳು ಫೋನನ್ನು ಮೇಜಿನ ಮೇಲಿಟ್ಟು, ಎರಡೂ ಕೈಯಿಂದ ಮುಚ್ಚಳ ಎಳೆದಳು.

ಮೋಟೆಲಿನ ಬಿಳಿ ಟವೆಲ್. ಅದರ ಮಡಿಕೆ ಬಿಡಿಸಿದಳು.

ಒಳಗೆ ತೂಕಕ್ಕೆಂದು ಇಟ್ಟ ಒಂದು ಹೊಳೆಗಲ್ಲು. ಕಲ್ಲಿನ ಮೇಲೆ, ತೊಟ್ಟಿಲಲ್ಲಿ ಮಲಗಿಸಿದ ಹಾಗೆ, ನೂಲು ಸುತ್ತಿದ ಒಂದು ಕದಿರು.

ಹೆಬ್ಬಾರರು ಡಬ್ಬಿಯನ್ನು ತಲೆಕೆಳಗು ಮಾಡಿದರು. ಟವೆಲ್ ಕೊಡವಿದರು. ಮತ್ತೆ ಡಬ್ಬಿಯೊಳಗೆ ಕೈ ಹಾಕಿದರು. ಅವರ ಮುಖದಲ್ಲಿದ್ದ ಬಣ್ಣವೆಲ್ಲ ಇಳಿದುಹೋಯಿತು. ಇದು ನಾಟಕವಲ್ಲ. ಇಷ್ಟು ಚೆನ್ನಾಗಿ ಯಾರಿಗೂ ನಾಟಕ ಬರುವುದಿಲ್ಲ.

"ಸೇಫಲ್ಲಿತ್ತು. ನಾನೇ ಸುತ್ತಿ ಇಟ್ಟದ್ದು. ಇವತ್ತು ಹಾಗೇ ಎತ್ತಿಕೊಂಡು ಬಂದೆ, ತೆಗೆದು ನೋಡ್ಲಿಲ್ಲ. ಯಾರು..." ಅವರು ಕದಿರನ್ನು ಎತ್ತಿ ಶರ್ಮಿಳಾಳ ಕಡೆ ಚಾಚಿದರು. "ಇದು ಎಂತದ್ದು? ಯಾರದ್ದು ಅಂತ ನಿಮಗೆ ಗೊತ್ತುಂಟಾ?"

ಕಡ್ಡಿಯ ಬುಡದಲ್ಲಿ ಮಣ್ಣಿನ ಬಿಲ್ಲೆ. ಬಿಲ್ಲೆಯ ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿ.

ಮರಿಸೋಲ್ ಮೊದಲು ಕುಳಿತು ಕೆಲಸ ಮಾಡಿದ್ದು ಮೋಟೆಲಿನ ಆಫೀಸಿನಲ್ಲಿ, ಅದೇ ಸೇಫಿನ ಪಕ್ಕ, ಹೆಬ್ಬಾರರು ಅದನ್ನು ತೆರೆಯುವುದು ಕಾಣುವಂತೆ. ತೆಗೆದದ್ದು ಯಾವಾಗ? ಪ್ರಶ್ನೆ ಕೇಳಿದ ದಿನ ಕದಿರು ಅವಳ ಕೈಯಲ್ಲೇ ಇತ್ತು. ಅದಾದ ಮೇಲೆ, ಹೆಸರು ಬರೆಯುವ ಮೊದಲೋ? ಅಥವಾ ಕಳ್ಳಿ ಎನ್ನಿಸಿಕೊಂಡ ಮೇಲೆ, ಹೇಗೂ ಹೆಸರು ಬಂದಾಯಿತಲ್ಲ ಎಂದೋ? ಎರಡನೆಯದಾದರೆ ಆ ಹುಡುಗಿಯನ್ನು ಸೇಫಿನವರೆಗೆ ನಡೆಸಿಕೊಂಡು ಹೋದದ್ದು ಶರ್ಮಿಳಾಳ ಕೈಬರಹ.

ಹಿಂದೊಮ್ಮೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆದಿದ್ದಳು.

"ಗೊತ್ತಿಲ್ಲ," ಎಂದಳು.

ಮೋಹಿನಿ ಕದಿರನ್ನು ನೋಡಿದರು, ಶರ್ಮಿಳಾಳನ್ನು ನೋಡಿದರು. ಮರಿಸೋಲ್ ಹತ್ತಿರ ಅಷ್ಟು ಕಥೆ ಕೇಳಿದ ಹೆಂಗಸು ಅವಳ ಕದಿರನ್ನು ನೋಡಿಲ್ಲದೆ ಇರುತ್ತಾರೆಯೇ? ಮೋಹಿನಿ ಬಾಯಿ ತೆರೆದು, ಹಾಗೆಯೇ ಮುಚ್ಚಿಕೊಂಡರು.

ಆಗ ಮೇಜಿನ ಮೇಲಿದ್ದ ಫೋನು, ತಟ್ಟೆಯ ಪಕ್ಕ, ಗುಂಯ್ ಎಂದು ನಡುಗತೊಡಗಿತು. ತೆರೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಮರಿಸೋಲ್ ಎಂಬ ಹೆಸರು.

ಹೆಬ್ಬಾರರು ಅದನ್ನು ಓದಿದರು. ಕೈಯಲ್ಲಿದ್ದ ಕದಿರನ್ನು ಇನ್ನೊಮ್ಮೆ ನೋಡಿದರು.

ಶರ್ಮಿಳಾ ಕೈ ಚಾಚಿದಳು. ಫೋನಿಗೆ ಹೆಬ್ಬಾರರ ಕೈಯೇ ಹತ್ತಿರವಿತ್ತು.